ಫೆನ್ನಾ ಶುಚಿ ಮಾಡಿದ ಫೋನುಗಳು

ಸಂಜೆಯ ಊಟ ಮುಗಿದ ಮೇಲೆ ಫೆನ್ನಾ ಬ್ರೆಡ್ಡಿನ ಖಾಲಿ ಬುಟ್ಟಿ ಹಿಡಿದು ಮೇಜಿನ ಸುತ್ತ ಬರುತ್ತಿದ್ದಳು, ಚರ್ಚಿನಲ್ಲಿ ಕಾಣಿಕೆ ಎತ್ತುವವರ ಹಾಗೆ.

"ಹಾಕಿ, ಹಾಕಿ. ಎಲ್ಲರ ಫೋನೂ ಹಾಕಿ."

ಗಂಡ ಮೆನ್ನೊ ಮಾತಿಲ್ಲದೆ ಹಾಕುತ್ತಿದ್ದ. ಅತ್ತೆ ಆಲ್ತ್ಯೆಗೆ ಎಂಬತ್ತೇಳು. ಆಕೆ ಏಪ್ರನ್ನಿನ ಜೇಬಿನಿಂದ ಫೋನು ತೆಗೆದು, "ತಗೊ ಹುಡುಗಿ, ನನ್ನ ಪಾಪಗಳಿದ್ರೆ ಅವನ್ನೂ ಜೊತೇಲಿ ತೊಳೆದುಬಿಡು" ಎನ್ನುತ್ತಿದ್ದಳು. ಮಗಳು ಇಲ್ಸೆ ಮಾತ್ರ ತನ್ನದನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು. ಜೊತೆಗಿದ್ದವನನ್ನು ಬಿಟ್ಟು, ಬಾಡಿಗೆಗೆ ಬೇರೆ ಮನೆ ಸಿಗದೆ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ತವರಿಗೆ ವಾಪಸು ಬಂದಿದ್ದಳು.

"ನನ್ನದು ಮುಟ್ಬೇಡ ಅಮ್ಮ."

"ನಿನ್ನದು ಸಂಜೆಯಾಗೋಷ್ಟರಲ್ಲಿ ಪ್ರಾಣ ಬಿಡುತ್ತೆ. ನಮ್ಮದು ನೋಡು, ನಾಳೆ ಬೆಳಗಾದ್ರೂ ಅರ್ಧ ಚಾರ್ಜ್ ಉಳಿದಿರುತ್ತೆ."

"ಫೋನಿರೋದು ಬಳಸೋಕೆ, ಉಳಿಸಿಡೋಕಲ್ಲ."

"ಯಾರೂ ಇಲ್ಲದ ಕೋಣೇಲಿ ದೀಪ ಉರಿಸೋಳು ನೀನು. ನಿನಗೆಲ್ಲಿ ಅರ್ಥ ಆಗುತ್ತೆ."

ಫೆನ್ನಾ ಶಾಲೆಯಲ್ಲಿ ನೆಲ ಒರೆಸಿ ನಿವೃತ್ತಳಾದವಳು. ಆಮೇಲೆ ಊರಿನ ಗ್ರಂಥಾಲಯದ ಸಂಜೆ ತರಗತಿಗೆ ಸೇರಿ, ಮೊದಲು ಪತ್ರ ಬರೆಯುವುದನ್ನೂ ಆಮೇಲೆ ಫೋನು ಬಳಸುವುದನ್ನೂ ಕಲಿತಳು. ನೋಡಿ ಬಿಟ್ಟ ಆ್ಯಪುಗಳು ಮುಚ್ಚಿಹೋಗುವುದಿಲ್ಲ, ಕಣ್ಣಿಗೆ ಕಾಣದೆ ಹಿಂದೆ ಓಡುತ್ತಲೇ ಇರುತ್ತವೆ ಎಂದು ಅಲ್ಲಿ ಹೇಳಿದ ದಿನ ಅವಳಿಗೆ ಮನಸ್ಸು ತಡೆಯಲಿಲ್ಲ. ಮನೆಯಲ್ಲೆಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಗೊತ್ತಾದಂತಾಯಿತು. ಅಂದಿನಿಂದ ದಿನಾ ಅವುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ಕಳಿಸುತ್ತಿದ್ದಳು. ಅಷ್ಟರಿಂದ ಸಮಾಧಾನವಾಗದೆ ಸೆಟ್ಟಿಂಗ್ಸಿನೊಳಕ್ಕೆ ಹೋಗಿ, ಪ್ರತಿ ಆ್ಯಪಿನ ಹೆಸರಿನ ಕೆಳಗಿರುವ 'ಬಲವಂತವಾಗಿ ನಿಲ್ಲಿಸಿ' ಎಂಬ ಗುಂಡಿಯನ್ನೂ ಕಂಡುಹಿಡಿದಳು. ಒತ್ತಿದರೆ ಫೋನು ಒಮ್ಮೆ ಎಚ್ಚರಿಸುತ್ತಿತ್ತು. ಮೊದಲ ಸಲ ಅವಳು ಕಣ್ಣು ಮುಚ್ಚಿಕೊಂಡೇ ಒತ್ತಿದ್ದಳು. ಏನೂ ಆಗಲಿಲ್ಲ. ಆಮೇಲೆ ಹೆಸರು ಗೊತ್ತಿಲ್ಲದ್ದನ್ನೆಲ್ಲ ನಿಲ್ಲಿಸುತ್ತ ಹೋದಳು.

ಮೆನ್ನೊನ ಫೋನಿನಲ್ಲಿ ಕೆಂಪು ಹೃದಯದ ಚಿತ್ರದ ಒಂದು ಆ್ಯಪು ಯಾವಾಗ ನೋಡಿದರೂ ಎಚ್ಚರವಾಗಿಯೇ ಇರುತ್ತಿತ್ತು. ಎಷ್ಟು ಹೆಜ್ಜೆ ನಡೆದಿರಿ ಎಂದು ಲೆಕ್ಕ ಹೇಳುವಂಥದ್ದು ಇರಬೇಕು, ಮೊಣಕಾಲು ನೋವಿನ ಈ ಮನುಷ್ಯ ನಡೆಯುವುದಾದರೂ ಎಲ್ಲಿಗೆ ಎಂದುಕೊಂಡು ಜನವರಿಯ ಒಂದು ಸಂಜೆ ಅದನ್ನೂ ನಿಲ್ಲಿಸಿದಳು.

ಕೆಲವು ವರ್ಷಗಳ ಹಿಂದೆ ಮೆನ್ನೊನ ತಮ್ಮ ಫುಟ್ಬಾಲ್ ಮೈದಾನದಲ್ಲಿ ಎದೆ ಹಿಡಿದುಕೊಂಡು ಬಿದ್ದಾಗ ಸುತ್ತ ಒಂದು ಗುಂಪು ಜನ ನಿಂತಿದ್ದರು. ಏನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅದಾದ ಮೇಲೆ ಮೆನ್ನೊ ತರಬೇತಿಗೆ ಹೋಗಿ, ನಿಂತ ಎದೆಯನ್ನು ಒತ್ತಿ ನಡೆಸುವುದನ್ನು ಕಲಿತ. ಹತ್ತಿರದಲ್ಲಿ ಯಾರದಾದರೂ ಹೃದಯ ನಿಂತರೆ, ಆಂಬುಲೆನ್ಸಿಗಿಂತ ಮೊದಲು ಓಡಿಹೋಗುವ ನೆರೆಹೊರೆಯವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಆಗ ಅವನ ಫೋನು, ಸದ್ದು ಅಡಗಿಸಿಟ್ಟಿದ್ದರೂ, ಹಡಗಿನ ಕೂಗಿನಂತೆ ಕಿರುಚಿ ವಿಳಾಸ ತೋರಿಸುತ್ತಿತ್ತು. ಬಾಗಿಲ ಪಕ್ಕದ ಗೂಟದಲ್ಲಿ, ಹಾಗೆ ಓಡುವವರು ತೊಡುವ ಹಳದಿ ಅಂಗಿ ಸದಾ ನೇತಾಡುತ್ತಿತ್ತು. ಫೆನ್ನಾಗೆ ಆ ಏರ್ಪಾಡು ಗೊತ್ತಿದ್ದದ್ದು ಸದ್ದಾಗಿ. ಅದಕ್ಕೊಂದು ಚಿತ್ರವೂ ಇರುತ್ತದೆ ಎಂದು ಅವಳು ಯೋಚಿಸಿರಲಿಲ್ಲ.

ಫೆನ್ನಾ ಆ ಆ್ಯಪನ್ನು ನಿಲ್ಲಿಸಿದ ವಾರದ ಶನಿವಾರ ಬೆಳಗಿನ ಕಾಫಿ ಕುಡಿದು, ಮೆನ್ನೊ ಸಿಂಕಿನ ಮುಂದೆ ನಿಂತು ಪುಟ್ಟ ಕೋಸುಗಳ ಹೊರ ಎಲೆ ಕೀಳುತ್ತಿದ್ದ. ಫೆನ್ನಾ ಆಗಷ್ಟೇ ಹಿತ್ತಿಲಿನಿಂದ ಒಳಬಂದು ಕಿಟಕಿಯ ಗಾಜು ಒರೆಸುತ್ತಿದ್ದಳು. ಬೇಕರಿಯ ಹೆಣ್ಣುಮಗಳು ಹಳದಿ ಅಂಗಿ ತೊಟ್ಟು ಕಾಲುವೆಯ ಸೇತುವೆ ದಾಟಿ ಓಡಿಬರುತ್ತಿರುವುದು ಕಂಡಿತು.

"ಮೆನ್ನೊ, ಅವಳ್ಯಾಕೆ ಹಂಗೆ ಓಡ್ತಿದಾಳೆ?"

ಅವನು ಚಾಕು ಹಿಡಿದೇ ಕಿಟಕಿಗೆ ಬಂದ. ಬೇಕರಿಯವಳು ಅವರ ಮನೆಯನ್ನು ದಾಟಿ, ಮೂರನೆಯ ಮನೆಯ ತೆರೆದ ಬಾಗಿಲೊಳಕ್ಕೆ ನುಗ್ಗಿದಳು. ಅದು ರೀಕುಸ್ ಮತ್ತು ಟೀನೆಕೆಯ ಮನೆ. ಮೆನ್ನೊ ಪ್ರತಿ ಶುಕ್ರವಾರ ರೀಕುಸ್‌ನ ಜೊತೆ ಇಸ್ಪೀಟು ಆಡುತ್ತಿದ್ದ, ನಿನ್ನೆಯೂ ಆಡಿದ್ದ.

ಮೆನ್ನೊ ಮರದ ಚಪ್ಪಲಿಯಲ್ಲೇ ಓಡಿದ. ಸಿಂಕಿನ ನಲ್ಲಿ ಹರಿಯುತ್ತಲೇ ಇತ್ತು. ಅವನ ಫೋನು ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

ಮಧ್ಯಾಹ್ನ ಅವನು ವಾಪಸು ಬಂದು ಕುರ್ಚಿಯಲ್ಲಿ ಕುಸಿದ. "ಜೀವ ಬಂತು. ಬೇಕರಿಯವಳು ಎದೆ ಒತ್ತಿ ಒತ್ತಿ ತಂದಳು. ಆದ್ರೆ ಅವಳು ಸೇತುವೆ ಆಚೆಯಿಂದ ಬರ್ಬೇಕಿತ್ತು. ಅಲ್ಲೀವರೆಗೂ ಅವನು ನೆಲದ ಮೇಲೆ ಹಂಗೇ ಇದ್ದ. ಟೀನೆಕೆ ಒಬ್ಬಳೇ, 'ಏಳು ಏಳು' ಅಂತ ಕೆನ್ನೆಗೆ ಹೊಡೀತಾ..."

"ಪುಣ್ಯ, ಉಳಿದನಲ್ಲ" ಎಂದಳು ಫೆನ್ನಾ.

"ನನ್ನನ್ನ ಕರೀಲಿಲ್ಲ ಫೆನ್ನಾ. ಮೂರು ಮನೆ ಆಚೆ ಇದ್ದೆ ನಾನು. ನನ್ನನ್ನ ಯಾಕೆ ಕರೀಲಿಲ್ಲ?"

"ವಯಸ್ಸಾಯ್ತು ಅಂತ ಬಿಟ್ಟಿರ್ತಾರೆ" ಎಂದಳು ಆಲ್ತ್ಯೆ, ಹೆಣಿಗೆಯಿಂದ ತಲೆ ಎತ್ತದೆ. ತನ್ನ ಮಗನಿಗೆ ಸಮಾಧಾನ ಹೇಳುವ ಅವಳ ಬಗೆ ಅದು.

ಬುಧವಾರ ಗ್ರಂಥಾಲಯದಲ್ಲಿ ಹಿರಿಯರ ಕಾಫಿ ಕೂಟ. ಅಲ್ಲೊಂದು ಮೂಲೆಯ ಮೇಜಿನಲ್ಲಿ ಫೆನ್ನಾ ಫೋನು ಶುಚಿ ಮಾಡುವುದನ್ನು ಬೇರೆಯವರಿಗೆ ಹೇಳಿಕೊಡುತ್ತಿದ್ದಳು. ಯಾರೂ ಅವಳನ್ನು ನೇಮಿಸಿರಲಿಲ್ಲ. ಒಬ್ಬರಿಗೆ ತೋರಿಸಿದ್ದು ಐದಾರು ಜನರಿಗಾಯಿತು. ಅವಳ ಬದುಕಿನಲ್ಲಿ ಅವಳನ್ನು ಯಾರಾದರೂ ಪ್ರಶ್ನೆ ಕೇಳಿದ್ದು, ಅದಕ್ಕೆ ಅವಳಲ್ಲಿ ಉತ್ತರವಿದ್ದದ್ದು, ಆ ಮೇಜಿನಲ್ಲೇ ಮೊದಲು. ಆ ದಿನ ವೀಪ್ಕೆ ಎಂಬ ದಪ್ಪ ಕನ್ನಡಕದ ಹೆಂಗಸು ಕುಳಿತ ಕೂಡಲೇ ಶುರು ಮಾಡಿದಳು.

"ಏನು ಮಾಡಿಟ್ಟೆ ಮಾರಾಯ್ತಿ ನನ್ನ ಫೋನಿಗೆ? ಮಾತ್ರೆ ತಗೊ ಅಂತ ಬಡ್ಕೊಳ್ತಿತ್ತಲ್ಲ, ಅದು ಎಂಟು ದಿನದಿಂದ ಮೂಗಿ."

"ಬ್ಯಾಟರಿ ಉಳೀತಿದೆ ತಾನೆ?"

"ಬ್ಯಾಟರಿ ಉಳೀತು, ನಾನು ಹೋಗ್ತಿದ್ದೆ! ನನ್ನ ಮಗ ನೋಡಿ ಬೈದ. 'ಯಾರೋ ಇದನ್ನ ಬಲವಂತವಾಗಿ ನಿಲ್ಲಿಸಿದಾರೆ. ಹಂಗೆ ನಿಲ್ಲಿಸಿದ್ರೆ ನೀನಾಗಿ ಮತ್ತೆ ತೆರೆಯೋವರೆಗೂ ಅದಕ್ಕೆ ಏನೂ ಕೇಳಿಸಲ್ಲ, ಏನೂ ಹೇಳಲ್ಲ. ಸತ್ತಂಗೆ' ಅಂದ."

ಸುತ್ತಲಿದ್ದವರು ನಕ್ಕರು. ಫೆನ್ನಾಗೆ ಮೆನ್ನೊನ ಫೋನಿನ ಕೆಂಪು ಹೃದಯ ನೆನಪಾಯಿತು. ಅವಳು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದಳು. ಎದುರು ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಎಲ್ಲೂ ಇಳಿಯಲಿಲ್ಲ.

ಮನೆಯಲ್ಲಿ ಮೆನ್ನೊ ಬಚ್ಚಲಿನಲ್ಲಿ ಗಡ್ಡ ಹೆರೆಯುತ್ತಿದ್ದ. ಅವಳು ಕೋಟು ಕೂಡ ಬಿಚ್ಚದೆ ಅವನ ಫೋನು ತೆಗೆದು ಆ ಕೆಂಪು ಹೃದಯವನ್ನು ಒತ್ತಿದಳು. ಅದು ನಿಧಾನವಾಗಿ ಎಚ್ಚೆತ್ತಿತು. ಮೊದಲ ಸಾಲಿನಲ್ಲೇ ಶನಿವಾರದ ಕರೆ ಇತ್ತು. ಅವರದೇ ಬೀದಿ, ರೀಕುಸ್‌ನ ಮನೆಯ ಸಂಖ್ಯೆ, ಅದರ ಕೆಳಗೆ 'ಉತ್ತರ ಬಂದಿಲ್ಲ'.

"ಏನು ಮಾಡ್ತಿದೀಯ?" ಮೆನ್ನೊ ಹಿಂದೆ ನಿಂತಿದ್ದ, ಒಂದು ಕೆನ್ನೆಯಲ್ಲಿ ಇನ್ನೂ ನೊರೆ.

"ಶುಚಿ... ಶುಚಿ ಮಾಡ್ತಿದ್ದೆ."

ಅವನು ಅವಳ ಕೈಯಿಂದ ಫೋನು ತೆಗೆದುಕೊಂಡ. ಓದಿದ. ಮತ್ತೊಮ್ಮೆ ಓದಿದ. ನೊರೆ ಕುತ್ತಿಗೆಗಿಳಿಯಿತು.

"ಕರೆದಿದ್ರು. ಫೆನ್ನಾ, ನನ್ನನ್ನ ಕರೆದಿದ್ರು. ನನಗೆ ಕೇಳಿಸಲಿಲ್ಲ."

ಹೇಳಬೇಕಾದ ಹೊತ್ತು ಅದೇ. ಅದು ಅವಳಿಗೂ ಗೊತ್ತಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

"ನಲ್ಲಿ ಬಿಟ್ಟಿದ್ದೆಯಲ್ಲ. ನೀರಿನ ಸದ್ದು."

ಅಂದಿನಿಂದ ಮೆನ್ನೊ ತನ್ನ ಕಿವಿಯನ್ನು ಪರೀಕ್ಷಿಸಿಕೊಳ್ಳತೊಡಗಿದ. ಗಡಿಯಾರದ ಹತ್ತಿರ ಹೋಗುವನು, ಎರಡು ಹೆಜ್ಜೆ ಹಿಂದೆ ಸರಿಯುವನು. ಟಿವಿಯ ಸದ್ದು ತಗ್ಗಿಸಿ, "ನಿಂಗೆ ಕೇಳ್ತಿದ್ಯಾ?" ಎಂದು ತಾಯಿಯನ್ನು ಕೇಳುವನು. "ಎಂಬತ್ತೇಳರಲ್ಲಿ ನಂಗೆ ಬೇಡದ್ದೂ ಕೇಳುತ್ತೆ" ಎನ್ನುವಳು ಆಲ್ತ್ಯೆ. ಹಾಡುವವರ ಸಂಘದ ಅಭ್ಯಾಸಕ್ಕೆ ಹೋಗುವುದನ್ನು ಬಿಟ್ಟ. ಅಂಗಡಿಯಲ್ಲಿ ಯಾರೋ, "ಆವತ್ತು ಮನೇಲಿರಲಿಲ್ವಾ ಮೆನ್ನೊ?" ಎಂದು ಕೇಳಿದಾಗ ಸಂತೆಗೆ ಹೋಗಿದ್ದೆ ಎಂದುಬಿಟ್ಟ. ಹಾಗೆಂದದ್ದನ್ನು ಊಟದ ಮೇಜಿನಲ್ಲಿ ತಲೆ ತಗ್ಗಿಸಿ ಒಪ್ಪಿಕೊಂಡ. ಫೆನ್ನಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ರೀಕುಸ್ ಗ್ರೋನಿಂಗನ್ ನಗರದ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಫೆನ್ನಾ ಟೀನೆಕೆಗೆ ಬಟಾಣಿ ಸೂಪು ಮಾಡಿ ಒಯ್ದಳು. ಒಲೆ ಒರೆಸಿದಳು, ಬಟ್ಟೆ ಇಸ್ತ್ರಿ ಮಾಡಿದಳು. ಟೀನೆಕೆ ಅವಳ ಭುಜಕ್ಕೆ ಹಣೆ ಹಚ್ಚಿ, "ನೀನಿಲ್ದಿದ್ರೆ ನಾನೇನು ಮಾಡ್ತಿದ್ದೆ?" ಎಂದು ಅತ್ತಳು. ಫೆನ್ನಾ ಅವಳ ಬೆನ್ನು ಸವರುತ್ತ ಗೋಡೆಯ ಟೈಲ್ಸುಗಳನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಬುಟ್ಟಿ ಮೇಜಿನ ಸುತ್ತ ಬರುವುದು ನಿಂತಿತ್ತು. ಇಲ್ಸೆಗೆ ಅದು ಕಣ್ಣಿಗೆ ಬಿತ್ತು.

"ಏನಮ್ಮ, ಅಂಗಡಿ ಮುಚ್ಚಿದ್ಯಾ?"

"ಬೇಜಾರಾಯ್ತು."

"ನಿನಗೆ? ಉಳಿಸೋದು ಬೇಜಾರಾಯ್ತಾ?" ಇಲ್ಸೆ ಫೋರ್ಕು ಕೆಳಗಿಟ್ಟಳು. "ಅಪ್ಪನ ಫೋನಿಗೆ ನೀನೇನಾದ್ರೂ ಮಾಡಿದ್ಯಾ?"

"ಏನು ಮಾಡ್ಲಿ? ಮೇಲಕ್ಕೆ ತಳ್ತಿದ್ದೆ ಅಷ್ಟೇ. ಎಲ್ಲರೂ ತಳ್ತಾರೆ."

"ನಿನ್ನಮ್ಮನ್ನ ಬಿಡು ಇಲ್ಸೆ" ಎಂದ ಮೆನ್ನೊ. "ದಿನಾ ಆ ಮನೇಲಿ ದುಡಿದು ಬರ್ತಾಳೆ. ಕಿವಿ ಹೋಗಿರೋದು ನಂದು. ಕರೆ ಬಂದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

ಫೆನ್ನಾ ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ನೀರು ಕುಡಿದಳು.

ಮುಂದಿನ ವಾರ ಅವನ ಜೊತೆ ಶ್ರವಣಯಂತ್ರದ ಅಂಗಡಿಗೆ ಹೋದವಳೂ ಅವಳೇ. ಅವನು ಗಾಜಿನ ಕೋಣೆಯೊಳಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಶಾಲೆಯ ಮಗುವಿನಂತೆ ಕೈ ಎತ್ತುತ್ತಿದ್ದ. ಅವಳು ಹೊರಗೆ ಅವನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನ ಕೈ ಪ್ರತಿ ಸಲ ಏಳುವಾಗಲೂ ಅವಳ ತಲೆ ಇನ್ನಷ್ಟು ಕೆಳಗೆ ಬಗ್ಗುತ್ತಿತ್ತು.

"ಚೆನ್ನಾಗಿದೆ" ಎಂದು ಅಂಗಡಿಯವನು ಕಾಗದ ತೋರಿಸಿದ. "ನಿಮ್ಮ ವಯಸ್ಸಿಗೆ ಇಂಥ ಕಿವಿ ಅಪರೂಪ. ಯಂತ್ರ ಮಾರೋ ಆಸೆ ನನಗಿದೆ, ಆದ್ರೆ ನಿಮಗೆ ಬೇಡ."

ಬಸ್ಸಿನಲ್ಲಿ ಮೆನ್ನೊ ಆ ಕಾಗದವನ್ನು ಎರಡು ಸಲ ಮಡಿಸಿ ಜೇಬಿಗಿಟ್ಟ. ಆಮೇಲೆ ಅಂದ: "ಕಿವಿ ಸರಿಯಾಗಿದ್ರೆ ನನಗದು ಕೇಳಿಸಿರಬೇಕು ಅಲ್ವಾ? ಕೇಳಿಸಿದ್ರೂ ಕೇಳಿಸದವನ ಹಂಗೆ ನಿಂತಿದ್ದೆನಾ? ಹೆದರಿಕೆಗೆ ಹಂಗಾಗುತ್ತಂತೆ, ತರಬೇತೀಲಿ ಹೇಳಿದ್ರು. ಕೆಲವರು ಕಲ್ಲಾಗಿಬಿಡ್ತಾರಂತೆ."

"ನೀನು ಹಂಗಲ್ಲ."

"ನಿನಗೆ ಹೆಂಗೆ ಗೊತ್ತು?"

ಮರುದಿನ ಮೆನ್ನೊ ಗೂಟದಿಂದ ಹಳದಿ ಅಂಗಿ ತೆಗೆದು, ಮಡಿಸಿ, ಬೇಕರಿಯವಳಿಗೆ ಕೊಟ್ಟುಬಂದ. ಪಟ್ಟಿಯಿಂದ ಹೆಸರು ತೆಗೆಸಿದೆನೆಂದು ಹೇಳಿ, ಅಂಗಳದ ಕಲ್ಲುಗಳ ಸಂದಿನ ಹುಲ್ಲು ಕೀಳಲು ಕೂತ. ಕೇಳಿದವರಿಗೆ ಕಿವಿ ಮಂದವಾಯಿತು ಎಂದ. ಹೆದರಿ ನಿಂತ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಅವನಿಗೆ ಅನ್ನಿಸಿರಬೇಕು. ಕೇಳುವವರ ಮುಂದೆ ಮಾತಿಗೊಮ್ಮೆ "ಆಂ?" ಅನ್ನುವುದನ್ನೂ ಕಲಿತ.

ಮಾರ್ಚಿನಲ್ಲಿ ಆಲ್ತ್ಯೆಗೆ ಎಂಬತ್ತೆಂಟು ತುಂಬಿತು. ಹಜಾರದಲ್ಲಿ ಕುರ್ಚಿಗಳನ್ನು ಸುತ್ತಲೂ ವೃತ್ತವಾಗಿ ಇಟ್ಟರು. ನೆರೆಯವರಿಂದ ಬಂದ ಸ್ಟೂಲುಗಳೂ ಸೇರಿದವು. ಬಂದವರೆಲ್ಲ ವಾಡಿಕೆಯಂತೆ ವೃತ್ತದ ಒಬ್ಬೊಬ್ಬರ ಕೈಯನ್ನೂ ಕುಲುಕಿದರು. "ಅಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ ಮೆನ್ನೊ." "ಅತ್ತೆಯ ಹುಟ್ಟುಹಬ್ಬಕ್ಕೆ ಅಭಿನಂದನೆ ಫೆನ್ನಾ." ಕಾಫಿಯ ಜೊತೆ ಒಂದೊಂದು ಚೂರು ಸೇಬಿನ ಕೇಕು. ಗ್ರಂಥಾಲಯದ ವೀಪ್ಕೆ ಬಂದಿದ್ದಳು. ಟೀನೆಕೆ ರೀಕುಸ್‌ನ ತೋಳು ಹಿಡಿದು ಕರೆತಂದಳು. ಅವನು ಮನೆಗೆ ಬಂದು ಎರಡು ವಾರವಾಗಿತ್ತು.

ರೀಕುಸ್ ನೋಡಲು ಮೊದಲಿನಂತೆಯೇ ಇದ್ದ, ಕೂದಲು ಸಹ ನೀಟಾಗಿ ಬಾಚಿತ್ತು. ಆದರೆ ಸುತ್ತು ಮುಗಿಸಿ ಕೂತವನು ಮತ್ತೆ ಎದ್ದು ಫೆನ್ನಾಳ ಕೈ ಹಿಡಿದು, "ಅತ್ತೆಯ ಹುಟ್ಟುಹಬ್ಬಕ್ಕೆ ಅಭಿನಂದನೆ" ಎಂದ.

"ಆಗಲೇ ಹೇಳಿದ್ಯಲ್ಲ ರೀಕುಸ್" ಎಂದಳು ಟೀನೆಕೆ ಮೆಲ್ಲಗೆ.

"ಹೌದಾ?" ಅವನು ಫೆನ್ನಾಳ ಮುಖ ನೋಡಿ ನಕ್ಕ. ಅವಳ ಹೆಸರಿಗಾಗಿ ಹುಡುಕುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಹೃದಯ ನಿಂತು ನೆಲದ ಮೇಲಿದ್ದ ಆ ಹೊತ್ತು ಅವನ ನೆನಪನ್ನು ತಿಂದಿತ್ತು.

ಮಾತು ಮೊಟ್ಟೆಯ ಬೆಲೆಗೆ ಹೋಗಿ, ಅಲ್ಲಿಂದ ಸೇತುವೆಯ ರಿಪೇರಿಗೆ ಬಂತು. ಇಲ್ಸೆ ಕೇಕಿನ ತಟ್ಟೆ ಹಿಡಿದು ಬಂದಾಗ ಮೆನ್ನೊ ಎಲ್ಲೋ ನೋಡುತ್ತ ಕೂತಿದ್ದ.

"ಮೆನ್ನೊ! ಇನ್ನೊಂದು ಚೂರು ಬೇಕಾ ಅಂತಿದಾಳೆ ಮಗಳು!" ವೀಪ್ಕೆ ಕೂಗಿದಳು. "ಹಾರನ್ ಹೊಡೀಬೇಕಾ ನಿಂಗೆ?"

ವೃತ್ತವೆಲ್ಲ ನಕ್ಕಿತು. ಮೆನ್ನೊ ಕೈಯನ್ನು ಕಿವಿಗೆ ದೊನ್ನೆಯಂತೆ ಹಿಡಿದು, "ಆಂ? ಬೀರು ಅಂದ್ಯಾ?" ಎಂದ. ನಗು ಇನ್ನೂ ಹೆಚ್ಚಿತು. ಆಲ್ತ್ಯೆ ನಗಲಿಲ್ಲ. ಟೀನೆಕೆಯೂ ನಗಲಿಲ್ಲ. ಅವಳು ಮುಂದಕ್ಕೆ ಬಾಗಿ ಮೆನ್ನೊನ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳಿದಳು: "ನೀನು ಕೊರಗಬೇಡ ಮೆನ್ನೊ. ನಾನು ನಿನ್ನ ಮೇಲೆ ಯಾವತ್ತೂ ಸಿಟ್ಟು ಮಾಡ್ಕೊಂಡಿಲ್ಲ. ಕಿವಿ ಯಾರ ಕೈಲಿದೆ ಹೇಳು?"

ಮೆನ್ನೊ ತಲೆಯಾಡಿಸಿದ. ಅವನ ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು, ಅದನ್ನು ಇಳಿಸುವುದು ಮರೆತುಹೋದವನಂತೆ.

"ಕಿವಿ ಅಲ್ಲ" ಎಂದಳು ಫೆನ್ನಾ.

ಅವಳು ಕಾಫಿಯ ಜಗ್ಗು ಹಿಡಿದು ವೃತ್ತದ ಮಧ್ಯೆ ನಿಂತಿದ್ದಳು. ಎಲ್ಲರೂ ತಿರುಗಿದರು.

"ಸೆಟ್ಟಿಂಗ್ಸ್ ಒಳಗೆ ಹೋದ್ರೆ ಪಟ್ಟಿ ಬರುತ್ತೆ. ಅದರಲ್ಲಿ ಒಂದೊಂದನ್ನೂ ಒತ್ತಿದ್ರೆ ಕೆಳಗೆ ಒಂದು ಗುಂಡಿ ಇರುತ್ತೆ. ಅದು ಮೇಲಕ್ಕೆ ತಳ್ಳೋದಲ್ಲ, ಅದು ಬೇರೆ..."

"ಹಬ್ಬದ ದಿನಾನೂ ಪಾಠ ಶುರು ಮಾಡಿದ್ಲು" ಎಂದಳು ವೀಪ್ಕೆ.

"ಕಾಫಿ ಆರ್ತಿದೆ ಹುಡುಗಿ" ಎಂದಳು ಆಲ್ತ್ಯೆ.

"ಕೆಂಪು ಹೃದಯದ್ದು ಒಂದಿತ್ತು. ಹೆಜ್ಜೆ ಎಣಿಸೋದು ಅಂದ್ಕೊಂಡೆ. ಆ ಗುಂಡಿ ಒತ್ತಿದ್ರೆ ಮತ್ತೆ ತೆರೆಯೋವರೆಗೂ..." ಅವಳ ಮಾತು ತೊಡರಿತು.

ಇಲ್ಸೆ ಕೇಕಿನ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. "ಅಮ್ಮ. ನೆಟ್ಟಗೆ ಹೇಳು. ಅಪ್ಪನಿಗೆ ಕರೆ ಬರೋ ಆ್ಯಪನ್ನ ನೀನು ನಿಲ್ಲಿಸಿದ್ಯಾ?"

"ಹೌದು. ನಾನೇ ನಿಲ್ಲಿಸಿದೆ. ಅವನ ಫೋನು ಆವತ್ತು ಕೂಗ್ಲೇ ಇಲ್ಲ. ಕೂಗಿದ್ರೆ ಅವನು ಓಡ್ತಿದ್ದ. ಅವನ ಕಿವೀಲಿ ಏನೂ ತೊಂದರೆ ಇಲ್ಲ. ಅವನಲ್ಲಿ ಏನೂ ತಪ್ಪಿಲ್ಲ."

ವೀಪ್ಕೆ ತನ್ನ ಕೈಚೀಲವನ್ನು ಎದೆಗೆ ಅಪ್ಪಿಕೊಂಡಳು. ರೀಕುಸ್ ಒಬ್ಬನೇ ಕೇಕು ತಿನ್ನುತ್ತಿದ್ದ.

"ಯಾವಾಗಿಂದ ಗೊತ್ತು ನಿಂಗೆ?" ಟೀನೆಕೆ ಕೇಳಿದಳು.

"ಮೊದಲನೇ ವಾರದಿಂದ."

"ಮೊದಲನೇ ವಾರದಿಂದ." ಟೀನೆಕೆ ಅದನ್ನು ಬಾಯಲ್ಲಿ ತಿರುಗಿಸಿ ನೋಡಿದಳು. "ಗೊತ್ತಿದ್ದೇ ಸೂಪ್ ತಂದೆ. ಗೊತ್ತಿದ್ದೇ ನನ್ನ ಅಡುಗೆಮನೇಲಿ ನಿಂತು ಅವನ ಅಂಗಿ ಇಸ್ತ್ರಿ ಮಾಡಿದೆ. ನಾನು ನಿನ್ನ ಕುತ್ತಿಗೆಗೆ ಬಿದ್ದು ಅತ್ತಿದ್ದೆ ಫೆನ್ನಾ. ನಾನು ನಿಂಗೆ ದಿನಾ ಉಪಕಾರ ಅಂತಿದ್ದೆ, ನೀನು ಕೇಳಿಸ್ಕೋತಿದ್ದೆ."

"ಟೀನೆಕೆ, ಗುಂಡಿ ಒತ್ತುವಾಗ ನಂಗೆ ನಿಜವಾಗ್ಲೂ..."

"ಗುಂಡಿ ವಿಷಯ ಬಿಡು. ಗುಂಡಿ ನಾನೂ ಒತ್ತುತಿದ್ದೆನೇನೋ."

ಅವಳು ಎದ್ದು ರೀಕುಸ್‌ನ ಕೋಟು ತಂದಳು. ಅವನು ತೋಳು ತೂರಿಸಿಕೊಳ್ಳುತ್ತ, ಹೋಗುವ ಮೊದಲು ಮರ್ಯಾದೆ ಬಿಡಬಾರದೆಂದು ಫೆನ್ನಾಳ ಕಡೆ ಕೈ ಚಾಚಿದ. "ಅತ್ತೆಯ ಹುಟ್ಟುಹಬ್ಬಕ್ಕೆ ಅಭಿನಂದನೆ." ಫೆನ್ನಾ ಜಗ್ಗನ್ನು ಎಡಗೈಗೆ ಬದಲಾಯಿಸಿ ಅವನ ಕೈ ಕುಲುಕಲೇಬೇಕಾಯಿತು.

ಉಳಿದವರು ಕಾಫಿಯ ನಂತರ ಕೊಡುವ ಚೀಸು ಬರುವ ಮೊದಲೇ ಒಬ್ಬೊಬ್ಬರಾಗಿ ಹೊರಟರು. ಆಲ್ತ್ಯೆ ಖಾಲಿ ಕುರ್ಚಿಗಳ ಮಧ್ಯೆ ಕೂತು, "ಎಂಬತ್ತೆಂಟು ವರ್ಷದಲ್ಲಿ ನನ್ನ ಹುಟ್ಟುಹಬ್ಬ ಇಷ್ಟು ಬೇಗ ಯಾವತ್ತೂ ಮುಗಿದಿರಲಿಲ್ಲ" ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. "ನಿನ್ನ ಹೆಂಡ್ತಿಗೆ ಬೈಯೋದಿದ್ರೆ ಬೈದುಬಿಡು. ನಾನು ಮೇಲೆ ಹೋಗ್ತೀನಿ."

ಮೆನ್ನೊ ಬೈಯಲಿಲ್ಲ. ಸ್ಟೂಲುಗಳನ್ನು ಒಂದರ ಮೇಲೊಂದು ಪೇರಿಸಿದ. ಫೆನ್ನಾ ಕಪ್ಪುಗಳನ್ನು ತೊಳೆದಳು, ಅವನು ಒರೆಸಿದ. ಕೊನೆಯ ಕಪ್ಪು ಒರೆಸುವಾಗ ಕೇಳಿದ:

"ಆ ಗಾಜಿನ ಕೋಣೇಲಿ ನಾನು ಕೈ ಎತ್ತುತಿದ್ದಾಗ ನೀನು ನೋಡ್ತಿದ್ಯಲ್ಲ?"

"ನೋಡ್ತಿದ್ದೆ."

"ನನ್ನ ಕೋಟು ಹಿಡ್ಕೊಂಡು."

"ಹೌದು."

"ಬಸ್ಸಲ್ಲಿ ನಿನ್ನನ್ನ ಕೇಳ್ದೆ, ನಾನು ಹೆದರಿ ನಿಂತೆನಾ ಅಂತ." ಅವನು ಕಪ್ಪನ್ನು ಇನ್ನೂ ಒರೆಸುತ್ತಲೇ ಇದ್ದ. "ರೀಕುಸ್ ವಿಷಯ ಬೇರೆ ಫೆನ್ನಾ, ಅದು ಕೈತಪ್ಪು. ಇದನ್ನ ಏನಂತ ಕರೀಲಿ ನಾನು?"

ಅವಳು ಸಿಂಕಿನ ನೀರು ಬಿಟ್ಟಳು, ಅದು ಗುಳುಗುಳು ಎಂದು ಇಳಿದುಹೋಯಿತು.

ಆಮೇಲಿನ ದಿನಗಳಲ್ಲಿ ಮೆನ್ನೊ ಅವಳ ಜೊತೆ ಬೇಕಾದಷ್ಟೇ ಮಾತಾಡಿದ. ಉಪ್ಪು ಕೊಡು, ಬಾಗಿಲು ಹಾಕು, ಪೋಸ್ಟಿನವನು ಬಂದಿದ್ದ. ಬೇಕರಿಗೆ ಹೋಗಿ ಅಂಗಿ ಕೇಳಿ ತಂದ. ಫೋನನ್ನು ಇಲ್ಸೆಯ ಕೈಗೆ ಕೊಟ್ಟು ಎಲ್ಲವನ್ನೂ ಸರಿ ಮಾಡಿಸಿಕೊಂಡ. ಊಟದ ಹೊತ್ತಿಗೆ ಅದನ್ನು ತಟ್ಟೆಯ ಪಕ್ಕದಲ್ಲಿ, ಫೆನ್ನಾಳಿಗೆ ದೂರದ ಬದಿಗೆ ಇಟ್ಟುಕೊಳ್ಳುತ್ತಿದ್ದ. ಅವಳು ಅತ್ತ ನೋಡದಿರಲು ಕಲಿಯುತ್ತಿದ್ದಳು.

ಬುಧವಾರ ಅವಳು ಗ್ರಂಥಾಲಯಕ್ಕೆ ಹೋದಳು. ಮೂಲೆಯ ಮೇಜಿಗೆ ಯಾರೂ ಬರಲಿಲ್ಲ. ಕಾಫಿ ಮುಗಿಸಿದವರು ಅವಳಿಗೆ ತಲೆಯಾಡಿಸಿ, ಸೌಜನ್ಯದಿಂದಲೇ, ಬೇರೆ ಮೇಜುಗಳಲ್ಲಿ ಕೂತರು. ಆದರೆ ಅವರ ಫೋನುಗಳಲ್ಲೆಲ್ಲ ಅವಳ ಕೈ ಆಡಿತ್ತು. ಯಾರ ಮಾತ್ರೆಯದು, ಯಾರ ಮಗಳ ಕರೆಯದು, ಯಾರ ಬಾಗಿಲ ಗಂಟೆಯದು ಮೂಕವಾಗಿ ಬಿದ್ದಿದೆಯೋ ಅವಳಿಗೆ ನೆನಪಿರಲಿಲ್ಲ.

ಆ ರಾತ್ರಿ ಊಟದಲ್ಲಿ ಅವಳೇ ಮಾತು ತೆಗೆದಳು. "ಇಲ್ಸೆ, ನಿಲ್ಲಿಸಿದ್ದನ್ನ ಮತ್ತೆ ಎಬ್ಬಿಸೋದು ಹೇಗೆ ಅಂತ ನಂಗೆ ಕಲಿಸು. ಒಂದೂ ಬಿಡದ ಹಾಗೆ."

"ಯಾಕೆ?"

"ಮನೆ ಮನೆಗೆ ಹೋಗ್ತೀನಿ."

ಆಲ್ತ್ಯೆ ನಕ್ಕಳು. "ಯಾರು ಕೊಡ್ತಾರೆ ನಿನ್ನ ಕೈಗೆ ಫೋನು?"

"ಕೊಡದಿದ್ರೆ ಬಾಗಿಲಲ್ಲೇ ನಿಂತು ಹೇಳ್ತೀನಿ. ಅವರೇ ಮಾಡ್ಕೊಳ್ಲಿ."

ಇಲ್ಸೆ ತೊಡೆಯ ಕೆಳಗಿಂದ ತನ್ನ ಫೋನು ತೆಗೆದು ಮೇಜಿನ ಮೇಲಿಟ್ಟು, "ಬಾ, ಇದರಲ್ಲೇ ತೋರಿಸ್ತೀನಿ" ಎಂದಳು.

ಶನಿವಾರ ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಮೆನ್ನೊ ಪತ್ರಿಕೆಯಿಂದ ತಲೆ ಎತ್ತದೆ ಕೇಳಿದ: "ಮೊದಲು ಯಾರ ಮನೆ?"

"ವೀಪ್ಕೆ. ಆಮೇಲೆ ಸೇತುವೆ ಆಚೆಯವರು. ಹಂಗೇ ಸುತ್ತಿ ಬಂದು ಕೊನೆಗೆ..."

"ಕೊನೆಗೆ ಅಂತ ಇಟ್ಕೊಂಡ್ರೆ ನೀನು ಹೋಗಲ್ಲ. ನಂಗೆ ಗೊತ್ತು ನಿನ್ನ." ಅವನು ಹಾಳೆ ತಿರುಗಿಸಿದ. "ಅಲ್ಲಿಗೇ ಮೊದಲು ಹೋಗು."

ಹುಟ್ಟುಹಬ್ಬದ ನಂತರ ಅವನು ಅವಳಿಗೆ ಹೇಳಿದ ಅತಿ ಉದ್ದದ ಮಾತು ಅದು.

ಮೂರು ಮನೆ ದಾಟುವುದು ಎಷ್ಟು ಹೊತ್ತಿನ ದಾರಿ? ಫೆನ್ನಾ ಗಂಟೆ ಒತ್ತಿ, ಕಾಲೊರೆಸುವ ಚಾಪೆಯಿಂದ ಒಂದು ಹೆಜ್ಜೆ ಹಿಂದೆ ನಿಂತಳು. ಟೀನೆಕೆ ಬಾಗಿಲು ತೆರೆದಳು, ಪೂರ್ತಿ ಅಲ್ಲ.

"ನಾನು ನಿನ್ನ ಫೋನಲ್ಲೂ ಆ ಗುಂಡಿ ಒತ್ತಿದೀನಿ" ಎಂದಳು ಫೆನ್ನಾ. "ಅವನನ್ನ ಆಸ್ಪತ್ರೆಗೆ ಸೇರಿಸಿದ ಮರುದಿನ, ನೀನೇ ಕೊಟ್ಟಿದ್ದೆ. ಅದರಲ್ಲಿ ಏನೇನು ನಿಂತಿದೆಯೋ ಗೊತ್ತಿಲ್ಲ. ಎಲ್ಲಾನೂ ತೆರೆದು ಸರಿ ಮಾಡಿ ಕೊಡ್ತೀನಿ. ಒಳಗೆ ಬರಲ್ಲ. ನೀನು ಪಕ್ಕದಲ್ಲಿ ನಿಂತು ನೋಡು."

ಒಳಗಿಂದ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಟೀನೆಕೆ ಏಪ್ರನ್ನಿನಿಂದ ಫೋನು ತೆಗೆದು ಬಾಗಿಲ ಸಂದಿಯಿಂದ ಚಾಚಿದಳು.

ಫೆನ್ನಾ ಗಾಳಿಗೆ ಬೆನ್ನು ಕೊಟ್ಟು ಒಂದೊಂದನ್ನೇ ತೆರೆದಳು. ಆಸ್ಪತ್ರೆಯವರ ಆ್ಯಪು ಎಚ್ಚೆತ್ತಾಗ, ಟೀನೆಕೆ ಇಷ್ಟು ದಿನ ನೋಡದೇ ಇದ್ದ ಸಂದೇಶಗಳು ಒಂದರ ಹಿಂದೊಂದು ಬಂದು ಬಿದ್ದವು. ರೀಕುಸ್‌ಗೆ ನೆನಪಿನ ಅಭ್ಯಾಸ ಮಾಡಿಸುವ ಚಿಕಿತ್ಸೆಗೆ ಜಾಗ ಖಾಲಿಯಾಗಿದೆ, ಉತ್ತರಿಸಿ. ಮತ್ತೊಮ್ಮೆ, ಉತ್ತರಿಸಿ. ಮೂರನೆಯದರಲ್ಲಿ, ಈ ವಾರದೊಳಗೆ ತಿಳಿಸಿದರೆ ಸಾಕು ಎಂದಿತ್ತು. ಫೆನ್ನಾ ಅದನ್ನು ಬೆರಳಿನಿಂದ ತೋರಿಸಿದಳು. ಟೀನೆಕೆ ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಓದಿದಳು. ಅವಳ ತುಟಿ ಬಿಗಿಯಾಯಿತು.

"ಈ ವಾರ ಇನ್ನೂ ಮುಗಿದಿಲ್ಲ" ಎಂದಷ್ಟೇ ಹೇಳಿದಳು.

"ಯಾರು ಟೀನೆಕೆ?" ಒಳಗಿಂದ ರೀಕುಸ್‌ನ ದನಿ.

ಟೀನೆಕೆ ಫೋನನ್ನು ವಾಪಸು ತೆಗೆದುಕೊಂಡಳು.

"ಫೋನ್ ಸರಿ ಮಾಡೋಕೆ ಬಂದಿದಾರೆ."

"ಚಳೀಲಿ ನಿಲ್ಲಿಸಿದ್ಯಾ? ಒಳಗೆ ಕರಿ, ಕಾಫಿ ಕೊಡು."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅವರಿಗೆ ಇನ್ನೂ ಮನೆಗಳಿವೆ" ಎಂದಳು ಟೀನೆಕೆ, ಒಳಗಿನವನಿಗೆ ಕೇಳುವಷ್ಟು ಜೋರಾಗಿ.

"ಹೌದು" ಎಂದಳು ಫೆನ್ನಾ. "ಇನ್ನೂ ಇವೆ."

ಬಾಗಿಲು ಮುಚ್ಚಿತು. ಅವಳು ಕೋಟಿನ ಕಾಲರು ಎತ್ತಿಕೊಂಡು ಪಕ್ಕದ ಮನೆಯ ಮೆಟ್ಟಿಲು ಹತ್ತಿ, ಗಂಟೆ ಒತ್ತಿ, ಹೇಳಬೇಕಾದ ಮೊದಲ ಮಾತನ್ನು ಬಾಯೊಳಗೇ ಇನ್ನೊಮ್ಮೆ ಹೇಳಿಕೊಂಡಳು.